ತೊಗರಿ ಗಿಡ ಝಾಡಿಸಿದ ಕೈಗಳು

ತೊಗರಿ ಕಾಯಿ ಕಟ್ಟೋ ಹೊತ್ತಿಗೆ ನಮ್ಮವ್ವ ಎರಡು ಹಳೇ ಸೀರೆ ಜೋಡಿಸಿ ಹೊಲಿದಿಡ್ತಿದ್ದಳು. ಒಬ್ಬರು ಆ ಸೀರೆ ಸಾಲಿನ ನಡುವೆ ಎಳೆಯಬೇಕು, ಎಡಬಲಕ್ಕೆ ನಿಂತ ಇಬ್ಬರು ಗಿಡ ಹಿಡಿದು ಝಾಡಿಸಬೇಕು. ಹಸಿರು ಕೀಡಿ ಪಟಪಟ ಉದುರಿ, ಬಿದ್ದಲ್ಲೇ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಅವನ್ನು ಡಬ್ಬಿಗೆ ತುಂಬಿ ಕೋಳಿಗೆ ಹಾಕೋದು ನನ್ನ ಕೆಲಸ.

ಬಲಿತ ಕಾಯಿಕೊರಕ, ಅಂದ್ರೆ ಈ ಹಸಿರು ಕೀಡಿ, ತಲೆಯಷ್ಟೇ ಕಾಯಿಯೊಳಗೆ ತೂರಿಸಿ ತಿನ್ನುತ್ತೆ, ಮೈ ಅರ್ಧ ಹೊರಗೇ ಇರುತ್ತೆ. ಅದಕ್ಕೇ ಝಾಡಿಸಿದರೆ ಬೀಳುತ್ತೆ. ಈ ಕಾರಣ ನಾನು ಓದಿದ್ದು ಪುಸ್ತಕದಾಗ. ಅವ್ವ ನೋಡಿದ್ದು ಹೊಲದಾಗ.

1997-98ರಲ್ಲಿ ಆಗಿನ ಗುಲ್ಬರ್ಗಾ, ಬೀದರ್ ಕಡೆ ಅಕಾಲಿಕ ಮಳೆ, ಕೀಡಿ ಎರಡೂ ಸೇರಿ ತೊಗರಿ ಹಾಳಾಯಿತು. ಸಾಲ ಹೊತ್ತ ರೈತರು ಜೀವ ಕಳೆದುಕೊಂಡರು. ಎಷ್ಟು ಹೊಡೆದರೂ ಔಷಧಕ್ಕೆ ಕೀಡಿ ಜಗ್ಗದಂಗಾಗಿತ್ತು. ಆ ಕಾಲದಾಗೇ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ಜಿಲ್ಲೆಯ ಈ ಝಾಡಿಸೋ ಪದ್ಧತಿಯನ್ನು ಹೊಲದಲ್ಲೇ ನಿಂತು ಪರೀಕ್ಷಿಸಿ, ಬೇರೆ ರೈತರಿಗೂ ಹೇಳಿದರು. ಸೀರೆಯ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂತು. ರೋಗ ತಗುಲಿದ ಕೀಡಿಯಿಂದಲೇ ಎನ್‌ಪಿವಿ (ಕೀಡಿಗೆ ರೋಗ ತರೋ ವೈರಸ್) ದ್ರಾವಣ ತಯಾರಿಸಿ ಸಿಂಪಡಿಸೋದನ್ನೂ ಹಳ್ಳಿಗಳಲ್ಲಿ ಕಲಿಸಿದರು. ನನಗೆ ಇದಕ್ಕಿಂತ ಒಳ್ಳೆ ಸಂಶೋಧನೆ ಗೊತ್ತಿಲ್ಲ. ಆಳು ಜಾಸ್ತಿ ಬೇಕು, ದೊಡ್ಡ ಹೊಲಕ್ಕೆ ಕಷ್ಟ, ನಿಜ. ಆದರೆ ಹೊಲಕ್ಕೆ ವಿಷ ಬೀಳೋದಿಲ್ಲ.

ಎಳ್ಳ ಅಮಾಸಿಗೆ ನಾವು ಚರಗ ಚೆಲ್ಲೋದೂ (ಹೊಲಕ್ಕೆ ಎಡೆಯ ಅಡುಗೆ ಎರಚೋದು) ತೊಗರಿಯಲ್ಲಿ ಕೀಡಿ ಹೆಚ್ಚಿರೋ ದಿನಗಳಲ್ಲೇ. ಚರಗಕ್ಕೆ ಬಂದ ಹಕ್ಕಿ ಕೀಡಿನೂ ಹೆಕ್ಕುತ್ತೆ. ಈಗ ಕೃಷಿ ವಿಜ್ಞಾನಿಗಳೇ ಹಕ್ಕಿ ಕೂರೋಕೆ ಹೊಲದಾಗ ಕೋಲು ನೆಡಿ ಅಂತಾರೆ.

2022ರಲ್ಲಿ ನೆಟೆ ರೋಗ ಬಂದಾಗ ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗಿದವು. ಆಮೇಲೆ ಒಂದು ಸಭೆಗೆ ಅವ್ವನ್ನ ಕರಕೊಂಡು ಹೋಗಿದ್ದೆ. ಎರಡು ತಾಸು ಪರದೆ ಮೇಲೆ ಚಿತ್ರ ತೋರಿಸಿದರು. ಬಂದ ಹೆಣ್ಣುಮಕ್ಕಳಲ್ಲಿ ಒಬ್ಬರನ್ನೂ "ನಿಮ್ಮ ಹೊಲದಾಗ ಮೊದಲು ಎಲ್ಲಿ ಒಣಗಿತು?" ಅಂತ ಕೇಳಲಿಲ್ಲ. ಇದು ನನಗೆ ಇವತ್ತಿಗೂ ಸಂಕಟ. ಕೇಳಿದ್ದರೆ ಅವ್ವ ಹೇಳ್ತಿದ್ದಳು: ಮಳೆನೀರು ನಿಂತ ತಗ್ಗಿನಲ್ಲಿ ಮೊದಲು, ಆಮೇಲೆ ಬದುವಿನ ಕಡೆ, ಅಜ್ಜನ ಕಾಲದ ಬೀಜ ಹಾಕಿದ ನಾಲ್ಕು ಸಾಲಿನಾಗ ಕಡಿಮೆ. ಆ ನಾಲ್ಕು ಸಾಲಿನ ಮಾತು ಖರೇನೋ ಸುಳ್ಳೋ ಪರೀಕ್ಷೆ ಆಗಲಿ. ಆದರೆ ಪರೀಕ್ಷೆ ಮಾಡೋ ತಂಡದಾಗ ಅವ್ವನೂ ಇರಲಿ, ವರದಿಯಲ್ಲಿ ಅವಳ ಹೆಸರೂ ಬರಲಿ, ಕಳೆದ ದಿನಕ್ಕೆ ಕೂಲಿಯೂ ಸಿಗಲಿ.

ಈ ವರ್ಷ ಅವ್ವ ಗಿಡ ಒಣಗಿದ ಜಾಗಕ್ಕೆಲ್ಲ ಗುರುತಿಗೆ ಜಾಲಿ ಕೋಲು ನೆಟ್ಟಿದ್ದಾಳೆ. ನೋಡೋಕೆ ಬರೋರಿದ್ದರೆ ಹೇಳಿ, ಹೊಲದ ತನಕ ನಾನೇ ಕರಕೊಂಡು ಹೋಗ್ತೀನಿ.