ಚಿಪ್ಪಿಗೂ ಒಂದು ಸರ್ಟಿಫಿಕೇಟು

ಕಳೆದ ವಾರ ಬೆಂಗಳೂರಿನಿಂದ ನಮ್ಮ ಮನೆಗೆ ಒಂದು ಡಬ್ಬ ಬಂತು. ಅಕ್ಕನ ಮಗ ಕಳಿಸಿದ್ದು. ಅವನಿಗೆ ಐಟಿ ಕೆಲಸ. ಕೈತುಂಬ ಸಂಬಳ, ಮೊಬೈಲ್ ತುಂಬ ಆಫರ್. ಡಬ್ಬದೊಳಗೆ ಇನ್ನೊಂದು ಡಬ್ಬ. ಅದರೊಳಗೆ ಹುಲ್ಲಿನ ಹಾಗೆ ಸಣ್ಣಗೆ ಕತ್ತರಿಸಿದ ಕಾಗದ. ಆ ಕಾಗದದ ಮೆತ್ತೆಯ ಮೇಲೆ, ಎಣ್ಣೆನೀರು ಹಾಕಿ ಮಲಗಿಸಿದ ಅವಳಿ ಕೂಸುಗಳ ಹಾಗೆ, ಎರಡು ತೆಂಗಿನ ಚಿಪ್ಪು.

ಹೌದು, ಚಿಪ್ಪು. ಮಂಡ್ಯಕ್ಕೆ. ಕೊರಿಯರ್‌ನಲ್ಲಿ.

ಜೊತೆಗೆ ಒಂದು ದಪ್ಪ ಕಾರ್ಡು. ಇದು ಕೈಯಿಂದ ಮಾಡಿದ್ದು, ಇಂಥದ್ದು ಲೋಕದಲ್ಲಿ ಇನ್ನೊಂದಿಲ್ಲ, ಪ್ರಕೃತಿ ಮಾತೆಯ ಕಾಣಿಕೆ ಅಂತೆಲ್ಲ ಇಂಗ್ಲಿಷಿನಲ್ಲಿ ಬರೆದು ಕೆಳಗೆ ಯಾರೋ ಸಹಿ ಬೇರೆ ಹಾಕಿದ್ದರು. ಬಿಲ್ಲು ತೆಗೆಯುವುದನ್ನು ಹುಡುಗ ಮರೆತಿದ್ದ. ಎರಡಕ್ಕೆ 899 ರೂಪಾಯಿ. ರಿಯಾಯಿತಿ ಕಳೆದು.

ಅಮ್ಮ ಕನ್ನಡಕ ಏರಿಸಿಕೊಂಡು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. "ಇದೇನ್ಲಾ ಮಗ, ಮೊಮ್ಮಗ ನಮ್ ಕೈಗೆ ಚಿಪ್ಪು ಕೊಟ್ಬುಟ್ಟವ್ನೆ?" ಅಂದರು.

ಅಮ್ಮ ತಮಾಷೆಗೆ ಅಂದಿದ್ದಲ್ಲ. ನಮ್ಮ ಕಡೆ ಕೈಗೆ ಚಿಪ್ಪು ಬಂತು ಅಂದರೆ ಕಥೆ ಮುಗಿಯಿತು ಅಂತ. ಚೀಟಿ ನಡೆಸುವವನು ರಾತ್ರೋರಾತ್ರಿ ಊರು ಬಿಟ್ಟರೆ ಕೈಗೆ ಚಿಪ್ಪು. ಆಲೆಮನೆಯವನು ಕಬ್ಬಿನ ದುಡ್ಡು ನಾಳೆ ನಾಡಿದ್ದು ಅಂತ ಸತಾಯಿಸಿದರೆ ಕೈಗೆ ಚಿಪ್ಪು. ಎಲೆಕ್ಷನ್ ಮುಗಿದ ಮಾರನೇ ದಿನ ಎಲ್ಲರ ಕೈಗೂ ಚಿಪ್ಪು. ಆದರೆ ಅವರೆಲ್ಲ ಕದ್ದುಮುಚ್ಚಿ ಕೊಡುತ್ತಿದ್ದರು. ಈ ಆನ್‌ಲೈನಿನವರು ನೋಡಿ, ಮೊದಲೇ ನಾಲ್ಕು ದಿಕ್ಕಿನಿಂದ ಫೋಟೋ ತೆಗೆದು ತೋರಿಸುತ್ತಾರೆ. ನಿಮಗೆ ಕೊಡುವುದು ಚಿಪ್ಪೇ ಅಂತ ಬರೆದೂ ಇರುತ್ತಾರೆ. ದುಡ್ಡು ಪೂರ್ತಿ ಸಂದಾಯವಾದ ಮೇಲೆ, ಹೇಳಿದ ದಿನಕ್ಕೆ ಸರಿಯಾಗಿ, ಬಾಗಿಲಿಗೇ ತಂದು ಕೈಗೆ ಚಿಪ್ಪು ಕೊಡುತ್ತಾರೆ. ಇಷ್ಟು ನಿಯತ್ತಿನ ವ್ಯಾಪಾರ ನಾನು ಕಂಡಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಸ್ನಾನದ ನೀರು ಚೆನ್ನಾಗಿ ಕಾದಿತ್ತು. ಹಂಡೆ ಒಲೆ ಕಡೆ ನೋಡಿದೆ. ಏನೂ ಕೇಳಲಿಲ್ಲ.

ಚಿಪ್ಪಿನ ವ್ಯಾಪಾರ ಇವತ್ತಿನದೇನಲ್ಲ ಬಿಡಿ. 2018ರಲ್ಲೇ ಅಮೆಜಾನಿನಲ್ಲಿ ಒಂದು ಅರ್ಧ ಚಿಪ್ಪಿಗೆ ಸಾವಿರದ ಮೇಲೆ ಬೆಲೆ ಹಾಕಿದ್ದನ್ನು ನೋಡಿ ದೇಶವೆಲ್ಲ ನಕ್ಕಿತ್ತು. ಬೆರಣಿಯನ್ನು ಪ್ಯಾಕ್ ಮಾಡಿ ಮಾರಲು ಶುರು ಮಾಡಿದಾಗಲೂ ನಕ್ಕಿದ್ದೆವು. ಅದನ್ನು ತಿಂದು ನೋಡಿದೆ ಅಂತ ಯಾರೋ ಬರೆದಿದ್ದ ವಿಮರ್ಶೆಯನ್ನು ವಾಟ್ಸಾಪಿನಲ್ಲಿ ಹತ್ತು ಜನಕ್ಕೆ ಕಳಿಸಿದ್ದೆವು. ನಕ್ಕು ನಕ್ಕು ನಾವು ಸುಮ್ಮನಾದೆವು. ಅವರು ಮಾರುತ್ತಲೇ ಇದ್ದರು.

ಲೋಕದಲ್ಲಿ ಇನ್ನೇನೇನು ಮಾರುತ್ತಿದ್ದಾರೆ ಅಂತ ನೋಡೋಣವೆಂದು ಭಾನುವಾರ ಮೊಬೈಲ್ ಹಿಡಿದು ಕೂತೆ. ಊಟದ ಹೊತ್ತಾದರೂ ಏಳಲಿಲ್ಲ. ಮೊದಲು ಸಿಕ್ಕಿದ್ದು ಅದೇ ಬಾಳೆಹಣ್ಣು.

ಗೋಡೆಗೆ ಟೇಪು ಹಾಕಿ ಅಂಟಿಸಿದ ಬಾಳೆಹಣ್ಣಿನ ಕಥೆ ನಿಮಗೂ ಗೊತ್ತು. ಇಟಲಿಯ ಕಲಾವಿದ ಮೌರಿಟ್ಸಿಯೊ ಕ್ಯಾಟೆಲಾನ್ 2019ರಲ್ಲಿ ಮಯಾಮಿಯಲ್ಲಿ ಅಂಟಿಸಿದ್ದು. ಆಗ ಬೆಲೆ 1,20,000 ಡಾಲರ್. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ 62 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 52 ಕೋಟಿ ರೂಪಾಯಿ. ಕೊಂಡವನು ಕ್ರಿಪ್ಟೊ ಧಣಿ ಜಸ್ಟಿನ್ ಸನ್. ಹಾಂಗ್‌ಕಾಂಗ್‌ನಲ್ಲಿ ಪತ್ರಕರ್ತರನ್ನೆಲ್ಲ ಕರೆದು, ಅವರೆದುರು ಸಿಪ್ಪೆ ಸುಲಿದು ತಿಂದ. ಬೇರೆ ಬಾಳೆಹಣ್ಣಿಗಿಂತ ಚೆನ್ನಾಗಿದೆ ಅಂತಲೂ ಅಂದ. 52 ಕೋಟಿ ಕೊಟ್ಟು ತಿಂದವನು ಸಪ್ಪೆ ಅಂತಾನಾ?

ನನಗೆ ತಲೆ ಕೆಟ್ಟಿದ್ದು ದುಡ್ಡಿನ ವಿಚಾರಕ್ಕಲ್ಲ, ಹಣ್ಣಿನ ಜಾತಿಗೆ. ಅಮೆರಿಕದ ಅಂಗಡಿಗಳಲ್ಲಿ ಹೆಚ್ಚುಕಡಿಮೆ ಸಿಗುವುದೆಲ್ಲ ಕ್ಯಾವೆಂಡಿಶ್. ಅಂದರೆ ನಮ್ಮ ಪಚ್ಚಬಾಳೆಯ ಬಳಗ. ಪಚ್ಚಬಾಳೆ ಕಣ್ರೀ! ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಏಲಕ್ಕಿ ಬಾಳೆ ಕೇಳಿದವರಿಗೆ ಪಚ್ಚಬಾಳೆ ತೋರಿಸಿ ನೋಡಿ. ಹೆಣ್ಣು ನೋಡಲು ಹೋದಾಗ ಪಕ್ಕದ ಮನೆ ಹುಡುಗಿಯನ್ನು ತೋರಿಸಿದ ಹಾಗೆ ಮುಖ ಮಾಡುತ್ತಾರೆ. ಆ ಧಣಿಯನ್ನು ಒಂದು ಸಲ ಆ ಸಾಲಿನಲ್ಲಿ ನಿಲ್ಲಿಸಬೇಕಿತ್ತು. ಚೀಲ ಹಿಡಿದ ಯಾವುದಾದರೂ ಅಜ್ಜಿ, "ಅಷ್ಟು ದುಡ್ಡು ಕೊಡೋನು ಒಂದು ಸಲ ಮೂಸಿ ನೋಡಬಾರದೇನಪ್ಪಾ?" ಅಂತ ಬೈದೇ ಬೈಯುತ್ತಿದ್ದರು.

ಮೂಸಿ ನೋಡುವ ಮಾತು ಬಂತಲ್ಲ, ನಂಜನಗೂಡು ರಸಬಾಳೆ ನೆನಪಾಯಿತು. ತೆಳು ಸಿಪ್ಪೆ. ನಡುಮನೆಯಲ್ಲಿ ಇಟ್ಟರೆ ಅಡುಗೆಮನೆಯಲ್ಲಿ ಇರುವವರಿಗೆ ಗೊತ್ತಾಗುವ ಘಮ. ನಾನು ಚಿಕ್ಕವನಿದ್ದಾಗ ನಂಜುಂಡೇಶ್ವರನ ದರ್ಶನಕ್ಕೆ ಹೋಗುತ್ತಿದ್ದದ್ದು ಅರ್ಧ ದೇವರಿಗೆ, ಅರ್ಧ ಆ ಹಣ್ಣಿಗೆ. ಅದಕ್ಕೆ ಪನಾಮಾ ರೋಗ ಬಡಿಯಿತು. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಒಳಗೆ ಹೋಗುತ್ತದೆ, ಎಲೆ ಹಳದಿಯಾಗಿ ಜೋಲುತ್ತದೆ, ಗಿಡ ಒಣಗಿ ಸಾಯುತ್ತದೆ. ಆ ಮಣ್ಣಿನಲ್ಲಿ ರೋಗ ವರ್ಷಗಟ್ಟಲೆ ಕೂತಿರುತ್ತದೆ. ಪಶ್ಚಿಮದವರು ಮೊದಲು ತಿನ್ನುತ್ತಿದ್ದ ಗ್ರೋ ಮಿಶೆಲ್ ಎಂಬ ಬಾಳೆಯನ್ನು ಮಾರುಕಟ್ಟೆಯಿಂದ ಓಡಿಸಿದ್ದೂ ಇದೇ ರೋಗ. ಅದರ ಜಾಗಕ್ಕೆ ಕ್ಯಾವೆಂಡಿಶ್ ಬಂತು. ಬಂದಿದ್ದು ನೆಟ್ಟಗೆ ಗೋಡೆ ಹತ್ತಿತು.

ನಮ್ಮ ರಸಬಾಳೆಗೂ ಒಂದು ಗೌರವ ಸಿಕ್ಕಿದೆ. ಈ ಹಣ್ಣು ಈ ಸೀಮೆಯದೇ ಅಂತ ಸಾರುವ ಭೌಗೋಳಿಕ ಸೂಚಕ ಅನ್ನುವ ಸರ್ಟಿಫಿಕೇಟು. ಅತ್ತ ಬಾಳೆಹಣ್ಣಿನ ಕಲೆ ಕೊಂಡವನಿಗೆ ಸಿಗುವುದೂ ಸರ್ಟಿಫಿಕೇಟೇ. ಹಣ್ಣು ಲೆಕ್ಕಕ್ಕಿಲ್ಲ. ಕೊಳೆತರೆ ಬೇರೆ ತಂದು ಅಂಟಿಸು, ಕಲೆ ಕೆಡುವುದಿಲ್ಲ ಅನ್ನುವುದು ಅವರ ಸಿದ್ಧಾಂತ. ಅದಕ್ಕೆ 14 ಪುಟದ ಸೂಚನೆಗಳೂ ಇವೆ. ನೆಲದಿಂದ 175 ಸೆಂಟಿಮೀಟರ್ ಎತ್ತರ ಇರಬೇಕು, ವಾರ ಹತ್ತು ದಿನಕ್ಕೊಮ್ಮೆ ಹಣ್ಣು ಬದಲಿಸಬೇಕು. ನಮ್ಮಮ್ಮ ಅರುವತ್ತು ವರ್ಷದಿಂದ ದೇವರ ಮುಂದೆ ದಿನಾ ಹಣ್ಣು ಬದಲಿಸುತ್ತಿದ್ದಾರೆ, ಒಂದು ಪುಟದ ಸೂಚನೆಯೂ ಇಲ್ಲದೆ. ಇರಲಿ. ಅವರ ಸರ್ಟಿಫಿಕೇಟಿಗೆ ಹಣ್ಣು ಎಷ್ಟು ಬೇಕಾದರೂ ಸಿಗುತ್ತದೆ. ನಮ್ಮ ಸರ್ಟಿಫಿಕೇಟು ಭದ್ರವಾಗಿದೆ, ಹಣ್ಣನ್ನು ಮಾತ್ರ ಹುಡುಕಿಕೊಂಡು ಹೋಗಬೇಕು.

ಇಡೀ ಬಾಳೆಹಣ್ಣಿನ ಪುರಾಣದಲ್ಲಿ ನನಗೆ ಅರ್ಥವಾದ ಮನುಷ್ಯ ಒಬ್ಬನೇ. 2023ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಮ್ಯೂಸಿಯಂನಲ್ಲಿ ಒಬ್ಬ ವಿದ್ಯಾರ್ಥಿ ಹಣ್ಣನ್ನು ಗೋಡೆಯಿಂದ ಕಿತ್ತು ತಿಂದ. ಸಿಪ್ಪೆಯನ್ನು ವಾಪಸ್ ಟೇಪು ಹಾಕಿ ಅಂಟಿಸಿದ. ಯಾಕೆ ಅಂದರೆ, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ ಅಂದ. ನೋಡಿ, ಇದು ಮಾತು.

ಇನ್ನೊಬ್ಬರಿದ್ದಾರೆ. ಹರಾಜಿನ ದಿನ ಆ ಹಣ್ಣು ಮಾರಿದವರು. ಹರಾಜು ಮನೆಯ ಹತ್ತಿರದ ಬೀದಿಗಾಡಿಯಲ್ಲಿ, ವಯಸ್ಸಾದ ಮನುಷ್ಯ, 35 ಸೆಂಟಿಗೆ ಕೊಟ್ಟಿದ್ದು. ನಮ್ಮ ಮೂವತ್ತು ರೂಪಾಯಿ. ಗಾಡಿಯೂ ಅವರದಲ್ಲ, ಸಂಬಳಕ್ಕೆ ನಿಂತವರು. ತಾನು ಮಾರಿದ ಹಣ್ಣು ಎಷ್ಟಕ್ಕೆ ಹೋಯಿತು ಅಂತ ಪತ್ರಿಕೆಯವರು ಹೇಳಿದಾಗ ಅತ್ತುಬಿಟ್ಟರಂತೆ. ಅದನ್ನು ಕೇಳಿ ಧಣಿ ದೊಡ್ಡ ಮನಸ್ಸು ಮಾಡಿದ. ಅದೇ ಗಾಡಿಯಿಂದ ಒಂದು ಲಕ್ಷ ಬಾಳೆಹಣ್ಣು ಕೊಳ್ಳುತ್ತೇನೆ ಅಂದ. ಒಂದು ಲಕ್ಷ ಹಣ್ಣು ತಂದು, ಇಳಿಸಿ, ಜೋಡಿಸಿ ಮಾರುವವರು ಯಾರು? ಅದೇ ಮುದುಕರು ತಾನೇ? ಲಾಭ ಗಾಡಿಯ ಮಾಲೀಕನಿಗೆ. ಇಲ್ಲಿ ನನಗೆ ನಗು ಬರಲಿಲ್ಲ. ಮೊಬೈಲ್ ಪಕ್ಕಕ್ಕಿಟ್ಟು ನೀರು ಕುಡಿದು ಬಂದೆ.

ಬಂದು ಮತ್ತೆ ಹಿಡಿದೆ. ಚಟ, ಏನ್ ಮಾಡೋದು.

ಈಗ ಯಂತ್ರಗಳ ಸರದಿ. ಬೆಳ್ಳುಳ್ಳಿ ಸುಲಿಯುವುದು, ಮೊಟ್ಟೆಯನ್ನು ಚೌಕ ಮಾಡುವುದು, ಕಲ್ಲಂಗಡಿಯನ್ನು ಗೆರೆ ಹೊಡೆದ ಹಾಗೆ ಕೊಯ್ಯುವುದು. ಹುಡುಗರು ಇದನ್ನು ನೋಡಿ ಬಾಯಿ ಬಿಡುತ್ತಾರೆ. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ಕಿವಿಗೆ ಮೈಕು ಸಿಕ್ಕಿಸಿಕೊಂಡು ನಿಲ್ಲುವ ಮಹಾನುಭಾವನ ಮುಂದೆ ಇವರೆಲ್ಲ ಅಂಬೆಗಾಲಿಡುವ ಮಕ್ಕಳು. "ಬನ್ನಿ ಅಕ್ಕ, ಬನ್ನಿ ಅಮ್ಮ, ಮಿಕ್ಸಿ ಬೇಡ, ಕರೆಂಟ್ ಬೇಡ" ಅನ್ನುತ್ತಾ ಕ್ಯಾರೆಟ್ಟಿನಲ್ಲಿ ಗುಲಾಬಿ ಅರಳಿಸುತ್ತಾನೆ. ಮೂಲಂಗಿಯನ್ನು ಮಲ್ಲಿಗೆ ಮೊಳದ ಹಾಗೆ ಬಿಚ್ಚುತ್ತಾನೆ. ಕೈ ನೋಡುವುದೇ ಇಲ್ಲ, ನಮ್ಮ ಮುಖವನ್ನೇ ನೋಡುತ್ತಾನೆ. ಆ ಯಂತ್ರವನ್ನು ನಾನು ಮೂರು ಬೇರೆ ಬೇರೆ ದಸರಾಗಳಲ್ಲಿ ಮೂರು ಸಲ ಕೊಂಡಿದ್ದೇನೆ. ಪ್ರತಿ ಸಲವೂ ಈ ಸಲದ್ದು ಬೇರೆ ಮಾಡೆಲ್ ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ. ಮೈಸೂರು ಗಡಿ ದಾಟಿ ಶ್ರೀರಂಗಪಟ್ಟಣದ ಸೇತುವೆಗೆ ಬರುವಷ್ಟರಲ್ಲಿ ಅದರ ಶಕ್ತಿ ಕಾವೇರಿಯಲ್ಲಿ ತೊಳೆದುಹೋಗುತ್ತದೆ. ಮನೆಯಲ್ಲಿ ಅದು ಕತ್ತರಿಸಿದ್ದು ನನ್ನ ಹೆಬ್ಬೆರಳನ್ನು ಮಾತ್ರ. ಮೂರೂ ಅಟ್ಟದ ಮೇಲಿವೆ. ಮಾರಿದವನ ಮೇಲೆ ಕೋಪವಿಲ್ಲ. ನೂರು ರೂಪಾಯಿಗೆ ಅರ್ಧ ಗಂಟೆ ಅಂಥ ಆಟ ಯಾರು ಆಡಿ ತೋರಿಸುತ್ತಾರೆ?

ಈ ವಿಷಯದಲ್ಲಿ ಜಪಾನಿನ ಕೆಂಜಿ ಕವಕಾಮಿ ಎಂಬಾತ ದೊಡ್ಡ ಮನುಷ್ಯ. ಉಪಯೋಗವಿದ್ದೂ ಉಪಯೋಗಿಸಲಾಗದ ವಸ್ತುಗಳನ್ನು ಮಾಡಿ ಅವಕ್ಕೆ ಚಿಂದೋಗು ಅಂತ ಹೆಸರಿಟ್ಟವನು. ನೂಡಲ್ಸ್ ಆರಿಸಲು ಪುಟ್ಟ ಫ್ಯಾನ್ ಕಟ್ಟಿದ ಕಡ್ಡಿ. ಅಂಬೆಗಾಲಿಡುವ ಮಗುವಿಗೆ ನೆಲ ಒರೆಸುವ ಬಟ್ಟೆ. ಅದಕ್ಕೆ ಅವನೇ ಹಾಕಿದ ನಿಯಮ ಒಂದಿದೆ: ಚಿಂದೋಗುವನ್ನು ಮಾರಕೂಡದು. ಎಂಥ ಮಾತು! 1995ರಲ್ಲಿ ಬಂದ ಅವನ ಪುಸ್ತಕದಲ್ಲಿ ನಗುವುದಕ್ಕೆಂದು ಹಾಕಿದ ವಸ್ತುಗಳಲ್ಲಿ ಸೆಲ್ಫಿ ಕೋಲೂ ಒಂದು. ಆಮೇಲೆ ಏನಾಯಿತು ಅಂತ ಚಾಮುಂಡಿ ಬೆಟ್ಟದ ನಂದಿಯನ್ನು ಕೇಳಿ. ಪಾಪ, ಆ ಕೋಲುಗಳ ನಡುವೆ ಮುಖ ತೋರಿಸಲು ಅದಕ್ಕೇ ಜಾಗ ಇರುತ್ತಿರಲಿಲ್ಲ.

ಅಮೆರಿಕದವರು ಚಿಂದೋಗುವನ್ನೂ ಗಂಭೀರವಾಗಿ ಮಾಡುತ್ತಾರೆ. ಜೂಸೆರೊ ಅಂತ ಒಂದು ಯಂತ್ರ ಬಂದಿತ್ತು, 2016ರಲ್ಲಿ. ಬೆಲೆ 699 ಡಾಲರ್. ಬಂಡವಾಳ ಹಾಕಿದವರ ದುಡ್ಡು ಸುಮಾರು 12 ಕೋಟಿ ಡಾಲರ್. ಅವರೇ ಹೆಚ್ಚಿ ತುಂಬಿಸಿ ಕಳಿಸಿದ ಹಣ್ಣು ತರಕಾರಿಯ ಪೊಟ್ಟಣವನ್ನು ಅದರಲ್ಲಿ ಇಡಬೇಕು. ಯಂತ್ರಕ್ಕೆ ವೈಫೈ ಕೊಡಬೇಕು. ಅದು ಪೊಟ್ಟಣದ ತಾರೀಖು ಪರೀಕ್ಷಿಸಿ, ಒಪ್ಪಿಗೆಯಾದರೆ ಹಿಂಡಿ ಕೊಡುತ್ತದೆ. 2017ರಲ್ಲಿ ಬ್ಲೂಮ್‌ಬರ್ಗ್ ವರದಿಗಾರರು ಆ ಪೊಟ್ಟಣವನ್ನು ಸುಮ್ನೆ ಕೈಯಲ್ಲಿ ಹಿಂಡಿದರು. ಹೆಚ್ಚುಕಡಿಮೆ ಅಷ್ಟೇ ರಸ ಬಂತು. ಅದೇ ವರ್ಷ ಕಂಪನಿ ಬಾಗಿಲು ಹಾಕಿತು. ನಮ್ಮ ಮಂಡ್ಯದಲ್ಲಿ ಕಬ್ಬಿನ ಹಾಲು ಮಾರುವವನ ಗಾಣಕ್ಕೆ ಗೆಜ್ಜೆ ಇದೆ, ನಿಂಬೆಹಣ್ಣು ಇದೆ, ಶುಂಠಿ ಇದೆ. ವೈಫೈ ಇಲ್ಲ, ನೊಣ ಇದೆ. ಯಾರೂ ಅವನಿಗೆ ಒಂದು ಡಾಲರ್ ಬಂಡವಾಳ ಹಾಕಿಲ್ಲ. ಗಾಣ ಇನ್ನೂ ತಿರುಗುತ್ತಿದೆ.

ವಿಚಿತ್ರ ಯಂತ್ರ ಅಂದರೆ ನಮ್ಮ ಜಿಲ್ಲೆಯದು. ಟಿಪ್ಪುವಿನ ಹುಲಿ. ಟಿಪ್ಪು ಹೆಸರು ಬಂತೆಂದು ಎರಡೂ ಕಡೆಯವರು ತೋಳು ಮಡಚಬೇಡಿ, ನಾನು ಹೇಳುತ್ತಿರುವುದು ಹುಲಿ ವಿಷಯ. ಸುಮಾರು ಆರಡಿ ಉದ್ದದ ಮರದ ಹುಲಿ, ಬಿಳಿ ಸಿಪಾಯಿಯ ಮೇಲೆ ಬಿದ್ದು ಕಚ್ಚುತ್ತಿದೆ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿ ಉಸಿರು ಬಿಡುತ್ತದೆ. ಸಿಪಾಯಿ ಕೈ ಎತ್ತಿ ಇಳಿಸಿ ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಹುಲಿಯ ಹೊಟ್ಟೆಯೊಳಗೆ ಆರ್ಗನ್ ವಾದ್ಯ ಬೇರೆ. ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ! ಇವತ್ತಿನ ಯಾವ ರೀಲ್ಸಿಗೆ ಕಡಿಮೆ ಇದು? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊತ್ತುಕೊಂಡು ಹೋಗಿ ಲಂಡನ್ನಿನಲ್ಲಿ ಇಟ್ಟರು. ಅಲ್ಲಿ ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತಾ ಕೂತವರು ಈ ನರಳಾಟ ತಡೆಯಲಾರದೆ ಗೊಣಗಿದರಂತೆ. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇದೆ. ಪ್ರವೇಶ ಉಚಿತ. ವೀಸಾ, ವಿಮಾನಕ್ಕೆ ಮಾತ್ರ ದುಡ್ಡು. ಶ್ರೀರಂಗಪಟ್ಟಣದ ಹುಡುಗ ತನ್ನೂರಿನ ಹುಲಿ ನೋಡಬೇಕಾದರೆ ಸಮುದ್ರ ದಾಟಬೇಕು. ಹುಲಿ ಅವರಿಗೆ ಹೋಯಿತು, ನಮ್ಮ ಕೈಗೆ ಏನು ಬಂತು ಅಂತ ಬಿಡಿಸಿ ಹೇಳಬೇಕಾ?

ಕಲೆಯ ಮೇಲೆ ನನಗೆ ಸಿಟ್ಟಿಲ್ಲ. ಗೋಡೆಗೆ ಬಾಳೆಹಣ್ಣು ಅಂಟಿಸಿ, ಬೇಕಾದರೆ ಹಲಸಿನಹಣ್ಣು ಅಂಟಿಸಿ, ನಾನೂ ಬಂದು ನೋಡುತ್ತೇನೆ. ಸಿಟ್ಟು ಬರುವುದು ಮದ್ದೂರಿನ ಎಳನೀರು ಮಾರುಕಟ್ಟೆ ಹತ್ತಿರ ಬಸ್ಸಿನ ಕಿಟಕಿಯಿಂದ ನೋಡಿದಾಗ. ಲಾರಿಗಟ್ಟಲೆ ಎಳನೀರು. ಮರ ಹತ್ತಿದವನು, ಇಳಿಸಿದವನು, ಎಣಿಸಿದವನು, ಹೊತ್ತವನು. ಬೆಲೆ ಹೇಳುವವನು ಇವರಲ್ಲಿ ಯಾರೂ ಅಲ್ಲ. ಕಾಯಿ ಬೆಳೆದವನು ಬೆಲೆ ಕೇಳಿದರೆ ಮಾರ್ಕೆಟ್ ಬಿದ್ದಿದೆ ಅನ್ನುತ್ತಾರೆ. ಅದೇ ಮರದ ಬಲಿತ ಕಾಯಿಯ ಚಿಪ್ಪಿಗೆ ಒಂದು ಕೋಟು ಎಣ್ಣೆ, ಒಂದು ಇಂಗ್ಲಿಷ್ ಕಾರ್ಡು ಸೇರಿದರೆ 899. ಆ ಕಾರ್ಡಿನಲ್ಲಿ ಪ್ರಕೃತಿ ಮಾತೆಯ ಹೆಸರಿತ್ತು. ಮರ ಹತ್ತಿದವನ ಹೆಸರಿರಲಿಲ್ಲ. ಪ್ರತಿ ವರ್ಷ ಇದನ್ನೇ ಬರೆದು ಬರೆದು ನನಗೂ ಬೇಸರ ಬಂದಿದೆ.

ಇಷ್ಟು ಬರೆಯುವ ಹೊತ್ತಿಗೆ ಹುಡುಗನ ವಿಡಿಯೋ ಕಾಲ್ ಬಂತು. "ಮಾವ, ಬೌಲ್ ಹೇಗಿದೆ? ಅಜ್ಜಿಗೆ ಇಷ್ಟ ಆಯ್ತಾ? ತೋರಿಸಿ" ಅಂದ. ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಅಮ್ಮ ಹಿತ್ತಲಿಗೆ ಹೋದರು. ಕಟ್ಟಿಗೆ ರಾಶಿಯ ಪಕ್ಕದಿಂದ ನೆನ್ನೆ ಚಟ್ನಿಗೆ ತುರಿದ ಕಾಯಿಯ ಎರಡು ಚಿಪ್ಪು ಆರಿಸಿ, ನಾರು ಕೆರೆದು, ತೊಳೆದು, ಸೆರಗಿನಲ್ಲಿ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ತಂದರು. ಕಾರ್ಡು ಫ್ರಿಜ್ಜಿನ ಮೇಲೇ ಇತ್ತು. ಅದನ್ನು ಮುಂದೆ ನಿಲ್ಲಿಸಿ, ಹಿಂದೆ ಎರಡನ್ನೂ ಇಟ್ಟರು.

"ಸೂಪರ್ ಅಜ್ಜಿ," ಅಂದ ಹುಡುಗ. "ದಿನಾ ಯೂಸ್ ಮಾಡ್ತಿದೀರಾ?"

"ದಿನಾ ಮಾಡ್ತೀನಿ ಕಣಪ್ಪ," ಅಂದರು ಅಮ್ಮ.