ಉಡದ ಉದ್ದ, ಇರುವೆಯ ಪಟ್ಟು

ಸೋಮವಾರಪೇಟೆ ಕಡೆಯ ನಮ್ಮ ತೋಟದಲ್ಲಿ ಮಳೆ ಹೊಳವಾದ ಒಂದು ಬೆಳಿಗ್ಗೆ, ಸೌದೆ ಕೊಟ್ಟಿಗೆಯ ಹಿಂದಿನ ಕಟ್ಟೆಯ ಮೇಲೆ ಉಡವೊಂದು ಬಿಸಿಲು ಕಾಯಿಸುತ್ತಿತ್ತು. ಕಾಫಿ ಸಾಲಿನಲ್ಲಿ ಕಳೆ ಹೊಡೆಯುತ್ತಿದ್ದವರು ಕತ್ತಿ ಕೆಳಗಿಟ್ಟು ಓಡಿಬಂದರು. ಅತ್ತೆ ಕೋಳಿಗಳನ್ನು ಎಣಿಸಿದರು. ನಾನು ಮೊಬೈಲ್ ತಂದೆ. ಉಡ ಮಾತ್ರ ಕವಲು ನಾಲಗೆಯನ್ನು ಎರಡು ಸಲ ಹೊರಚಾಚಿ, ನಮ್ಮ ವಾಸನೆಯಲ್ಲಿ ವಿಶೇಷವೇನೂ ಸಿಗದೆ ಕಣ್ಣು ಮುಚ್ಚಿತು.

ಬೆಳಿಗ್ಗೆ ನಾಲ್ಕಡಿ ಇದ್ದದ್ದು ಸಂಜೆಯ ಕಾಫಿಯ ಹೊತ್ತಿಗೆ ಆರಡಿಯಾಯಿತು. ಅದರಲ್ಲಿ ಅರ್ಧಕ್ಕೂ ಮಿಕ್ಕಿ ಬಾಲವೇ ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಹಿರಿಯರೊಬ್ಬರು ಉಡದ ಮಾಂಸ ಸೊಂಟನೋವಿಗೆ ಮದ್ದೆಂದು ಶುರುಮಾಡಿದರು. 1972ರ ವನ್ಯಜೀವಿ ಕಾಯ್ದೆಯನ್ನು ನೆನಪಿಸಿದ ಮೇಲೆ ಅವರ ಸೊಂಟ ತಾನಾಗಿಯೇ ವಾಸಿಯಾಯಿತು.

ಇದರ ದೊಡ್ಡ ದಾಯಾದಿ, ಇಂಡೋನೇಷ್ಯಾದ ಕೊಮೊಡೊ ಡ್ರ್ಯಾಗನ್, ಬಂದಿದ್ದರೆ ಕಟ್ಟೆ ಸಾಲುತ್ತಿರಲಿಲ್ಲ. 3 ಮೀಟರ್‌ವರೆಗೆ ಉದ್ದ, 70 ಕಿಲೋ ಆಸುಪಾಸು ತೂಕ, ಕಚ್ಚಿದರೆ ವಿಷ ಬೇರೆ. ಜಿಂಕೆ, ಹಂದಿ, ಎಮ್ಮೆ ಅದರ ಊಟ. ನಮ್ಮದು ಪಾಪ, ಜೀರುಂಡೆ, ಏಡಿ, ಮೊಟ್ಟೆಗಳಲ್ಲೇ ಸಂಸಾರ ತೂಗಿಸುತ್ತದೆ.

ಅತ್ತೆಯ ನಿಜವಾದ ಯುದ್ಧ ಅಡುಗೆಮನೆಯಲ್ಲಿ. ಜೇನಿನ ಬಾಟಲಿಯನ್ನು ಅವರು ನೀರು ತುಂಬಿದ ತಟ್ಟೆಯ ನಡುವೆ ಇಡುತ್ತಾರೆ, ಕೋಟೆಗೆ ಕಂದಕ ತೋಡಿದಂತೆ. ಅಂದು ಒಗ್ಗರಣೆಗೆ ಬಿಡಿಸುವಾಗ ಕರಿಬೇವಿನ ಎಲೆಯೊಂದು ತಟ್ಟೆಯ ಅಂಚಿನಿಂದ ಬಾಟಲಿಗೆ ಒರಗಿ ಬಿದ್ದಿತ್ತು. ಅಷ್ಟೇ ಸಾಕಾಯಿತು. ಎಲೆಯ ನಡುನರದ ಮೇಲೆ ಒಂದರ ಹಿಂದೆ ಒಂದು, ಎದುರಾದಾಗ ಮೀಸೆಗೆ ಮೀಸೆ ತಾಗಿಸಿ ಕುಶಲ ಕೇಳಿ ಮುಂದೆ. ಉಡದ ಪಟ್ಟು ಎನ್ನುತ್ತೇವೆ. ಮುಚ್ಚಳದ ಅಂಟಿನಲ್ಲಿ ಬಾಯಿಟ್ಟ ಇರುವೆಯನ್ನು ಬಿಡಿಸಿ ನೋಡಬೇಕು.

ಕ್ಯಾರೆಬಾರ ಎಂಬ ಇರುವೆ ಕುಲದಲ್ಲಿ ಒಂದು ಮಿಲಿಮೀಟರ್ ಉದ್ದದ ಕೆಲಸಗಾರರಿದ್ದಾರೆ. ಒಂದು ಕೊಮೊಡೊಗೆ ಸರಿಗಟ್ಟಲು ಅಂಥ 3000 ಸಾಲುಗಟ್ಟಬೇಕು. ನನಗೆ ಅದಕ್ಕಿಂತ ಸೋಜಿಗ, ಅದೇ ಕುಲದ ಕ್ಯಾರೆಬಾರ ಡೈವರ್ಸಾದ್ದು: ಒಂದೇ ಗೂಡಿನಲ್ಲಿ ಅಕ್ಕ ತಂಗಿಗಿಂತ 500 ಪಟ್ಟು ತೂಗುತ್ತಾಳೆ, ತಂಗಿಯರು ಅವಳ ಮೈಮೇಲೆ ಸವಾರಿ ಹೋಗುತ್ತಾರೆ. ನಮ್ಮ ತಟ್ಟೆಯವು ಯಾವ ಕುಲವೆಂದು ವಿಚಾರಿಸುವ ವ್ಯವಧಾನ ಅತ್ತೆಗಿರಲಿಲ್ಲ. ಅರಿಸಿನ ಪುಡಿ ಉದುರಿಸಿದರು.

ಮಧ್ಯಾಹ್ನ ಗೋಡೆಯ ಮೇಲೆ ಇನ್ನೊಂದು ಸಾಲು ಬಿಳಿಯ ಮೊಟ್ಟೆ ಕಚ್ಚಿಕೊಂಡು ಮೇಲಕ್ಕೆ ಹೊರಟಿತ್ತು. ಅತ್ತೆ ಒಮ್ಮೆ ನೋಡಿದವರೇ ಅಂಗಳಕ್ಕೆ ಹೋಗಿ ಒಣಹಾಕಿದ ಬಟ್ಟೆಯನ್ನೆಲ್ಲ ಒಳಗೆ ತಂದರು. ಉಡ ಯಾವಾಗ ಕಟ್ಟೆಯಿಂದ ಇಳಿದು ಹೋಯಿತೋ, ಯಾರೂ ಗಮನಿಸಲಿಲ್ಲ.