ಆ ಕಂಪ್ಯೂಟರಿನಲ್ಲಿ ನಮ್ಮೆಲ್ಲರ ಆಧಾರ್ ಇದೆ

ಬೆಳಿಗ್ಗೆಯಿಂದ ಹೊಟ್ಟೆ ಉರಿಯುತ್ತಿದೆ. ಬರೆಯದೆ ಇದ್ದರೆ ಇವತ್ತು ನಿದ್ದೆ ಹತ್ತುವುದಿಲ್ಲ.

ಪಹಣಿ ಪ್ರಿಂಟ್ ತೆಗೆಸಲು ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಅಜ್ಜಿ, ಎಪ್ಪತ್ತು ದಾಟಿರಬೇಕು. ಸಂಧ್ಯಾ ಸುರಕ್ಷಾ ಪಿಂಚಣಿ ಎರಡು ತಿಂಗಳಿಂದ ಬಂದಿಲ್ಲವಂತೆ, ಆಧಾರ್ ಹೊಸ ಪ್ರಿಂಟ್ ತಗೊಂಡು ಬಾ ಅಂದರಂತೆ. ಹುಡುಗ ನಂಬರ್ ಕೇಳಿದ, ಅಜ್ಜಿ ಸೆರಗಿನ ಗಂಟಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಕೊಟ್ಟಳು. ಒಟಿಪಿ ಬಂತು. ಅವಳಿಗೆ ಓದಲು ಬಾರದು. ಕೀಪ್ಯಾಡ್ ಫೋನನ್ನು ಹಿಂದೆ ನಿಂತಿದ್ದ ಯಾರದೋ ಕೈಗೆ ಕೊಟ್ಟಳು, ಅವನು ಆರು ಅಂಕಿಯನ್ನೂ ಇಡೀ ಅಂಗಡಿಗೆ ಕೇಳುವಂತೆ ಓದಿದ. ಫೈಲ್ ಇಳಿಯಿತು, ಪಾಸ್‌ವರ್ಡ್ ಕೇಳಿತು. ಹುಡುಗ ಯಾರನ್ನೂ ಕೇಳಲಿಲ್ಲ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ. ಎಲ್ಲರ ಇ-ಆಧಾರ್ ಪಾಸ್‌ವರ್ಡ್ ಕಟ್ಟಿರುವುದೂ ಹೀಗೇ, ಅವನಿಗದು ಬಾಯಿಪಾಠ.

ಪ್ರಿಂಟ್ ಬಂತು. ಅಜ್ಜಿ ದುಡ್ಡು ಎಣಿಸಿ ಕೊಟ್ಟು ಹೋದಳು. ಅವಳ ಫೈಲ್ ಮಾತ್ರ ಅಲ್ಲೇ ಉಳಿಯಿತು.

ನನ್ನ ಪಾಳಿ ಬಂದಾಗ ಅವನು ಡೌನ್‌ಲೋಡ್ಸ್ ಫೋಲ್ಡರ್ ತೆರೆದ. ಪರದೆ ನಮ್ಮ ಕಡೆಗೇ ತಿರುಗಿತ್ತು. ‘ಇಆಧಾರ್’ ಅಂತ ಶುರುವಾಗುವ ಹೆಸರುಗಳು ಸಾಲು ಸಾಲು. ಮೌಸ್ ಚಕ್ರ ತಿರುಗಿಸುತ್ತಾ ಹೋದ, ಮುಗಿಯಲೇ ಇಲ್ಲ. ನಡುನಡುವೆ ಪ್ಯಾನ್ ಕಾರ್ಡು, ಮಕ್ಕಳ ಅಂಕಪಟ್ಟಿ, ಪಾಸ್‌ಬುಕ್ಕಿನ ಮೊದಲ ಪುಟ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳ ಪಾಸ್‌ಪೋರ್ಟ್ ಸೈಜ್ ಫೋಟೋ ಡೆಸ್ಕ್‌ಟಾಪಿನ ಮೇಲೇ ಬಿದ್ದಿತ್ತು. ಯಾರೂ ಅಳಿಸಿಲ್ಲ. ಯಾರೂ ಅಳಿಸು ಅಂದಿಲ್ಲ.

ನಾನು ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು, ನಿಮಗೆ ಗೊತ್ತು. ಗ್ರಾಹಕರ ಸಹಿಯ ಮಾದರಿ ಕಾರ್ಡುಗಳನ್ನು ಸಂಜೆ ಎಣಿಸಿ, ಬೀರುವಿಗೆ ಹಾಕಿ, ಬೀಗದ ಕೈಯನ್ನು ಒಪ್ಪಿಸಿ ಮನೆಗೆ ಬರುತ್ತಿದ್ದೆವು. ಒಂದು ಕಾರ್ಡ್ ಕಾಣದಿದ್ದರೆ ರಾತ್ರಿ ಎಂಟಾದರೂ ಹುಡುಕುತ್ತಿದ್ದೆವು. ಬರೀ ಸಹಿಗೆ ಅಷ್ಟು ಕಾವಲು. ಇಲ್ಲಿ ಹೆಸರು, ವಿಳಾಸ, ಹುಟ್ಟಿದ ತಾರೀಖು, ಮುಖ, ಹನ್ನೆರಡು ಅಂಕಿ ಎಲ್ಲವೂ ಬೀದಿ ಬದಿಯಲ್ಲಿ ತೆರೆದು ಕೂತಿವೆ.

ಈಗ ಕೆಲವರು ಕಾಮೆಂಟಿಗೆ ಬರುತ್ತೀರಿ: ‘ಆಧಾರ್ ನಂಬರ್ ಗೊತ್ತಾದ್ರೆ ಏನಾಗುತ್ತೆ, ಅದರಿಂದ ದುಡ್ಡು ತೆಗೆಯೋಕಾಗಲ್ಲ.’ ಹೌದು, ಬರೀ ನಂಬರಿನಿಂದ ಆಗುವುದಿಲ್ಲ. ಆದರೆ 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಮಾಡಿಸಿ ಬಂದವರ ಖಾತೆಯಿಂದ, ಒಟಿಪಿಯೂ ಬಾರದೆ, ಹಣ ಹೋದದ್ದನ್ನು ಮರೆತಿರಾ? ನೋಂದಣಿ ಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ಮಾಡಿದ್ದರು. ಆಧಾರ್ ಮೂಲಕ ಹಣ ತೆಗೆಯುವ ಆ ವ್ಯವಸ್ಥೆಗೆ ಬೇಕಿರುವುದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಇಷ್ಟೇ. ಬೆರಳನ್ನು ಒಂದು ಕಡೆ ಕದ್ದರು, ಸಂಖ್ಯೆಯನ್ನು ಕಾಪಾಡಬೇಕಿತ್ತು ತಾನೇ? ಅದು ಹೋಗಲಿ. ಫೋನ್ ಮಾಡಿ ನಿಮ್ಮ ಪೂರ್ತಿ ಹೆಸರು, ಊರು, ಹುಟ್ಟಿದ ದಿನ ಹೇಳಿ ‘ಬ್ಯಾಂಕಿನಿಂದ ಮಾತಾಡ್ತಿದೀವಿ’ ಅಂದವನನ್ನು ಆ ಅಜ್ಜಿ ನಂಬದೆ ಇರುತ್ತಾಳಾ?

ಇದನ್ನು ಹೇಳಿದವರೂ ಇದ್ದರು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಪ್ರಕಟಣೆ ಕೊಟ್ಟಿತ್ತು: ಸಿಕ್ಕಸಿಕ್ಕವರಿಗೆ ಆಧಾರ್ ನಕಲು ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ, ಸೈಬರ್ ಕೆಫೆಯಲ್ಲಿ ಇಳಿಸಿಕೊಂಡರೆ ಎಲ್ಲ ಪ್ರತಿಗಳನ್ನೂ ಪೂರ್ತಿಯಾಗಿ ಅಳಿಸಿ. ಓದಿ ಎಷ್ಟು ಖುಷಿಯಾಗಿತ್ತು! ಎರಡೇ ದಿನ. ಮೇ 29ಕ್ಕೆ ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು, ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು ಅಂತ. ತಪ್ಪು ಅರ್ಥ ಏನಿತ್ತು ಅದರಲ್ಲಿ? ಅಳಿಸಿ ಅನ್ನುವುದಕ್ಕೆ ಎಷ್ಟು ಅರ್ಥಗಳಿವೆ? ಡೌನ್‌ಲೋಡ್ ಮಾಡುವ ಪುಟದಲ್ಲಿ ಮಾಸ್ಕ್ಡ್ ಬೇಕೇ ಅಂತ ಒಂದು ಚೌಕ ಇವತ್ತಿಗೂ ಇದೆ. ಒಂದು ಟಿಕ್ ಸಾಕು. ಆ ಹುಡುಗ ಅದರ ಕಡೆ ನೋಡಲೂ ಇಲ್ಲ, ಯಾಕೆಂದರೆ ಮಾಸ್ಕ್ಡ್ ಪ್ರತಿ ಒಯ್ದರೆ ‘ಪೂರ್ತಿ ನಂಬರ್ ಇರೋದು ತನ್ನಿ’ ಅಂತ ಕೌಂಟರಿನಿಂದ ವಾಪಸ್ ಕಳಿಸುತ್ತಾರೆ. ನನಗೇ ಹಾಗಾಗಿದೆ, ಎರಡು ಸಲ.

‘ವಯಸ್ಸಾದವರಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತೆ’ ಅನ್ನುವ ಮಾತನ್ನಂತೂ ನನ್ನ ಗೋಡೆಯ ಮೇಲೆ ಬರೆಯಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆಧಾರ್ ಬಗ್ಗೆ ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಹಾಕಿದ್ದು.

ಇನ್ನೊಂದು ವಿಷಯ, ಹೇಳಲು ನಾಚಿಕೆಯಾಗುತ್ತದೆ. ಆ ಫೋಲ್ಡರಿನಲ್ಲಿ ನಮ್ಮಮ್ಮನ ಆಧಾರೂ ಇದೆ. ಹೋದ ವರ್ಷ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಗಡಿಬಿಡಿಯಲ್ಲಿ ಇದೇ ಅಂಗಡಿಯ ವಾಟ್ಸಾಪಿಗೆ ಕಳಿಸಿದ್ದೆ, ಪಾಸ್‌ವರ್ಡನ್ನೂ ಕೆಳಗೆ ಟೈಪ್ ಮಾಡಿ. ಮೂವತ್ತೊಂದು ವರ್ಷ ಬೇರೆಯವರ ಕಾಗದ ಕಾದವಳು ಹೆತ್ತ ತಾಯಿಯ ಕಾಗದ ಬಿಟ್ಟು ಬಂದೆ. ಅಮ್ಮ ಮಾರ್ಚಿನಲ್ಲಿ ಹೋದಳು. ಅವಳ ಮುಖ, ಅವಳ ಹುಟ್ಟಿದ ದಿನ ಇನ್ನೂ ಅಲ್ಲೇ ಇವೆ ಅಂತ ಇವತ್ತು ಪರದೆ ನೋಡಿದಾಗಲೇ ನನಗೆ ಹೊಳೆದದ್ದು.

ಮನೆಗೆ ಬಂದವಳು ಊಟ ಮಾಡಲಾಗದೆ ಮಧ್ಯಾಹ್ನ ಮತ್ತೆ ಹೋದೆ. ‘ನಮ್ಮಮ್ಮನ ಫೈಲ್ ಅಳಿಸಿಕೊಡಪ್ಪಾ’ ಅಂದೆ. ಹುಡುಗ ಕೆಟ್ಟವನಲ್ಲ, ಬೆಳಿಗ್ಗೆಯಿಂದ ನಿಂತೇ ಇದ್ದಾನೆ. ‘ಇಷ್ಟು ದಿನದಲ್ಲಿ ಯಾರೂ ಕೇಳಿಲ್ಲ ಮೇಡಂ’ ಅಂದ. ತಾರೀಖು ಹೇಳಿದೆ, ಹುಡುಕಿದ, ಸಿಕ್ಕಿತು. ಅಳಿಸಿದ. ರೀಸೈಕಲ್ ಬಿನ್ ಖಾಲಿ ಮಾಡಲು ಹೇಳಿದೆ, ಮಾಡಿದ. ಪಕ್ಕದಲ್ಲೇ ಅದೇ ಫೈಲಿನ ಇನ್ನೊಂದು ಪ್ರತಿ, ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿಕೊಂಡು ಕೂತಿತ್ತು. ಅದನ್ನೂ ತೆಗೆದ. ಹಿಂದೆ ಆರು ಜನ ನಿಂತು ಗೊಣಗುತ್ತಿದ್ದರು, ನಾನು ಅಲುಗಾಡಲಿಲ್ಲ. ಬೆಳಿಗ್ಗೆಯ ಅಜ್ಜಿಯ ಫೈಲ್ ಎಲ್ಲಿ ಅಂತ ಕೇಳಿದೆ. ಅದು ಪಟ್ಟಿಯ ತುದಿಯಲ್ಲೇ ಇತ್ತು, ಅವನೇ ಅಳಿಸಿದ.

‘ವಾಟ್ಸಾಪಿನಲ್ಲಿ?’ ಅಂದೆ. ಅಂಗಡಿಯ ನಂಬರ್ ಇರುವುದು ಓನರ್ ಫೋನಿನಲ್ಲಂತೆ, ಫೈಲ್ ಅಲ್ಲೂ ಇಳಿದಿರುತ್ತದಂತೆ. ಓನರ್ ಧರ್ಮಸ್ಥಳಕ್ಕೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ ಅಂದ.

ಸೋಮವಾರ ಹತ್ತು ಗಂಟೆಗೆ ಹೋಗುತ್ತೇನೆ. ಆ ಅಂಗಡಿಗೆ ಏನಾದರೂ ಕಳಿಸಿದ ನಮ್ಮೂರಿನವರು ಯಾರಾದರೂ ಇದ್ದರೆ ನನ್ನ ಜೊತೆ ಬನ್ನಿ.